ಸುರಂಗದಲ್ಲಿ ನೀವು ಕೇಳಿದ ಹಾಡು

ಪ್ರೀತಿಯ ಅನ್‌ಫಿನ್ ಮಾವ,

ಘಟ್ಟದ ಬುಡದಲ್ಲಿ, ಇಳಿಬಿಟ್ಟ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮೇಲೆ ಬಿರುಗಾಳಿ ಬೀಸುತ್ತಿದೆಯಂತೆ. ನನ್ನ ಮುಂದೆ ಒಂದು ಮೀನಿನ ಲಾರಿ, ಹಿಂದೆ ಒಂದಿಷ್ಟು ಕಾರುಗಳು. ಎಲ್ಲರೂ ಗಾಜು ಏರಿಸಿಕೊಂಡು ಕೂತಿದ್ದಾರೆ. ಗೇಟು ಯಾವಾಗ ಎತ್ತುತ್ತೀರಿ ಎಂದು ಕೇಳಿದರೆ ರಸ್ತೆ ಇಲಾಖೆಯವನು ಆಕಾಶದ ಕಡೆ ಕೈ ತೋರಿಸುತ್ತಾನೆ. ಈ ಬೆಟ್ಟದ ಆಚೆ ನೀವಿದ್ದೀರಿ, ಈಚೆ ನಾನು.

ಬೆಳಗ್ಗೆ ಅತ್ತೆ ಫೋನ್ ಮಾಡಿದ್ದರು. "ನಿಮ್ಮ ಮಾವ ಡಾಕ್ಟರಿಗೆ ಹೇಳಿಬಿಟ್ರು ಕಣೆ. ಇನ್ನು ಡಯಾಲಿಸಿಸ್ ಮಿಷನ್ನು ಬೇಡವಂತೆ. ಸಾಕಂತೆ," ಅಂದರು. ಆಮೇಲೆ ಮೂಗು ಒರೆಸಿಕೊಂಡು, "ನಿನಗೆ ಹೇಳಬೇಡ ಅಂದಿದ್ರು. ಹೇಳ್ದೆ ಹೇಗಿರಲಿ?" ಅಂದರು. ನಾನು ಕೋಟು ಸಿಕ್ಕಿಸಿಕೊಂಡು ಹೊರಟೆ. ಮೈಕಿನ ವೈರು ಇನ್ನೂ ಆಂಪ್ಲಿಫೈಯರಿಗೆ ಸಿಕ್ಕಿಸಿಕೊಂಡೇ ಇರಬೇಕು.

ನಿಮ್ಮ ಕಣ್ಣು ಮಂಜಾಗಿದೆ, ಓದಲಾರಿರಿ, ಗೊತ್ತು. ನಾನೇ ಬಂದು ಓದುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಹವಾಮಾನ ಬಿಟ್ಟು ಬೇರೇನು ಮಾತಾಡಿದ್ದೇವೆ, ಹೇಳಿ? ನಿಮ್ಮ ಎದುರು ಕೂತರಂತೂ ಅದೂ ಇಲ್ಲ. ಕಿರುಚುವುದೇ ಕೆಲಸ ಮಾಡಿಕೊಂಡವಳಿಗೆ ಮಾತು ಬರುವುದಿಲ್ಲ ಎಂದು ನಿಮ್ಮ ಮಗ ಐವಿಂಡ್ ನಗುತ್ತಿದ್ದ.

ಅವನ ಕೈಹಿಡಿದು ನಿಮ್ಮ ಕಣಿವೆಗೆ, ಸ್ಕುಗ್‌ಡಾಲಿಗೆ ಬಂದ ವರ್ಷ ನೆನಪಾಗುತ್ತಿದೆ. ಅಕ್ಟೋಬರಿನಲ್ಲಿ ಸೂರ್ಯ ದಕ್ಷಿಣದ ಬೆಟ್ಟದ ಹಿಂದೆ ಇಳಿದವನು ಫೆಬ್ರವರಿಯವರೆಗೆ ಕಣಿವೆಗೆ ಕಾಲಿಡುವುದಿಲ್ಲ ಎಂದು ಅವನು ಹೇಳಿರಲಿಲ್ಲ. ಕರಾವಳಿಯ ಹುಡುಗಿ ನಾನು. ಎದುರಿಗೆ ಸದಾ ಸಮುದ್ರ ತೆರೆದುಕೊಂಡಿರಬೇಕು. ಇಲ್ಲಿ ಯಾವ ಕಿಟಕಿ ತೆರೆದರೂ ಬಂಡೆ. ಮೊದಲ ಭಾನುವಾರ ನಿಮ್ಮ ಮನೆಯಲ್ಲಿ ವಾಫಲ್ ತಿನ್ನುವಾಗ ನೀವು ಕೇಳಿದಿರಿ: "ಅದೇನೋ ಬ್ಲ್ಯಾಕ್ ಮೆಟಲ್ ಅಂತಲ್ಲ, ಅದ್ರಲ್ಲಿ ಹಾಡ್ತೀಯಂತೆ. ಚರ್ಚಿಗೆ ಬೆಂಕಿ ಇಟ್ಟವರ ಸಂಗೀತ ಅಲ್ವೇನಮ್ಮ ಅದು?" ನಾನು, "ನಾವು ಇಟ್ಟಿಲ್ಲ ಮಾವ," ಅಂದೆ. "ಇನ್ನೂ ಇಟ್ಟಿಲ್ಲ," ಅಂದಿರಿ. ಅತ್ತೆ ನಿಮ್ಮ ತಟ್ಟೆಗೆ ಜಾಮ್ ಹಾಕಿ ಮಾತು ತಿರುಗಿಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು. ನಲವತ್ತು ವರ್ಷ ಪ್ರಾರ್ಥನಾ ಮಂದಿರದಲ್ಲಿ ಬೋಧನೆ ಮಾಡಿದವರು ನೀವು. ನಿಮ್ಮ ಮೌನ ಕೂಡ ಬೋಧನೆಯ ಹಾಗೇ ಇರುತ್ತಿತ್ತು.

ಆಮೇಲೆ ನಿಮ್ಮ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಘಟ್ಟ ದಾಟಿ ಆಸ್ಪತ್ರೆಗೆ ಹೋಗಬೇಕು, ಡಯಾಲಿಸಿಸ್ಸಿಗೆ. ಸರ್ಕಾರದವರು ಟ್ಯಾಕ್ಸಿ ಕಳಿಸುತ್ತಿದ್ದರು. ಆದರೆ ಕಣಿವೆಗೆ ಇರುವವನು ಒಬ್ಬನೇ ಟ್ಯಾಕ್ಸಿಯವನು, ಟೋರ್ಗೇರ್. ಅವನು ಪ್ರಾರ್ಥನಾ ಮಂದಿರದಲ್ಲಿ ನಿಮ್ಮ ಜೊತೆ ಜಗಳವಾಡಿ ಹೊರಗೆ ಹೋದವನು. "ಅವನ ಪಕ್ಕ ಕೂರೋದಕ್ಕಿಂತ ಇಲ್ಲೇ ಸಾಯ್ತೀನಿ," ಅಂದಿರಿ. ಐವಿಂಡ್ ತಿಂಗಳುಗಟ್ಟಲೆ ಮೀನಿನ ಹಡಗಿನಲ್ಲಿ. ಅವನು ಮನೆಗೆ ಬಂದಾಗಲೂ ನೀವು ನನ್ನ ಕಾರಿನಲ್ಲೇ ಕೂರುತ್ತಿದ್ದಿರಿ. "ಅವನು ಕಾರನ್ನೂ ಹಡಗಿನ ಹಾಗೇ ಓಡಿಸ್ತಾನೆ, ಹೊಟ್ಟೆ ತೊಳಸುತ್ತೆ," ಅಂತ.

ಹೀಗೆ ಆ ರಸ್ತೆ ನನ್ನ ಕೊರಳಿಗೆ ಬಿತ್ತು. ಕಾರಿನಲ್ಲಿ ರೇಡಿಯೋ ಹಾಕುತ್ತಿರಲಿಲ್ಲ, ಹಾಡಿಲ್ಲ, ಮಾತಿಲ್ಲ. ವೈಪರಿನ ಸದ್ದು, ನಿಮ್ಮ ಉಸಿರು. ನಿಮ್ಮನ್ನು ಮಿಷನ್ನಿಗೆ ಸೇರಿಸಿದ ಮೇಲೆ ನಾನು ಕಾರನ್ನು ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹಿಂದೆ ನಿಲ್ಲಿಸಿ, ಗಾಜು ಏರಿಸಿ, ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಆಮೇಲೆ ಪೆಟ್ರೋಲ್ ಬಂಕಿಗೆ ಹೋಗಿ ಒಂದು ಹಾಟ್ ಡಾಗ್ ತಿಂದು ನಿಮಗಾಗಿ ಕಾಯುತ್ತಿದ್ದೆ. ನಮ್ಮ ತಂಡದಲ್ಲಿ ಗಿಟಾರ್ ನುಡಿಸುವ ತಾರ್ಯೆ, ನಾನು ರೆಕಾರ್ಡಿಂಗಿಗೆ ಬರಲೆಂದು ಎರಡು ಚಳಿಗಾಲ ಕಾದ. ಕೊನೆಗೆ ಅವನೂ ಕೇಳಿದ: "ಬರ್ತೀಯಾ, ಇಲ್ಲ ಬೇರೆಯವರನ್ನ ಹುಡುಕಲಾ? ಬೈದುಕೋ, ಆದ್ರೆ ಹೇಳಿಬಿಡು." ನಾನು ಹೇಳಲಿಲ್ಲ. ನಿಮ್ಮನ್ನು ದ್ವೇಷಿಸುತ್ತಿದ್ದೆನೇ? ಕೆಲವು ದಿನ, ಹೌದು ಮಾವ. ನಿಮ್ಮ ಸೀಟು ಬೆಲ್ಟು ನಾನೇ ಹಾಕಬೇಕಿತ್ತಲ್ಲ, ಆ ಹೊತ್ತಿನಲ್ಲಿ.

ಹೋದ ವರ್ಷದ ಜನವರಿ. ಆಸ್ಪತ್ರೆಗೆ ಹೊರಟು ಉದ್ದದ ಸುರಂಗ ಹೊಕ್ಕಿದ್ದೆವು. ಆಚೆ ಬಾಯಿಗೆ ಬಂದರೆ ಬೆಳಕಿಲ್ಲ, ಬಿಳಿ ಗೋಡೆ. ಹಿಮ ಕುಸಿದು ಬಾಯಿ ಮುಚ್ಚಿತ್ತು. ಕಾರು ತಿರುಗಿಸಿ ವಾಪಸು ಬರುವಷ್ಟರಲ್ಲಿ ಈಚೆ ಬಾಯಿಯೂ ಮುಚ್ಚಿಹೋಗಿತ್ತು. ಒಳಗೆ ಉಳಿದವರು ನಾವಿಬ್ಬರು ಮತ್ತು ಬ್ರೆಡ್ ಗಾಡಿಯ ಸ್ವೇನುಂಗ್. ಗೋಡೆಯ ತುರ್ತು ಫೋನಿನಲ್ಲಿ ಒಬ್ಬಳು ಹೆಂಗಸು ಹೇಳಿದಳು: "ಮತ್ತೆ ಬೀಳೋ ಹಾಗಿದೆ, ಈಗ ಜನ ಕಳಿಸೋಕಾಗಲ್ಲ. ಎಂಜಿನ್ ಆಫ್ ಮಾಡಿ, ಹೊಗೆ ತುಂಬುತ್ತೆ. ಬೆಚ್ಚಗೆ ಹೊದ್ದುಕೊಂಡಿರಿ." ನನ್ನ ಜೊತೆ ಡಯಾಲಿಸಿಸ್ ಆಗಬೇಕಾದವರು ಇದ್ದಾರೆ ಎಂದೆ. "ನೀರು ಜಾಸ್ತಿ ಕೊಡಬೇಡಿ," ಅಂದಳು. ಸ್ವಲ್ಪ ಹೊತ್ತಿಗೆ ಸುರಂಗದ ದೀಪಗಳೂ ಹೋದವು.

ಸ್ವೇನುಂಗ್ ಟಾರ್ಚು ಹಿಡಿದು ಬಂದು ಒಂದು ಟ್ರೇಯನ್ನು ಕಾರಿನೊಳಗೆ ತಳ್ಳಿದ: "ತಗೊಳ್ಳಿ ಅನ್‌ಫಿನ್, ಕೊಬ್ಬರಿ ಬನ್ನು. ಇಡೀ ಕಣಿವೆಯ ಪಾಲು ಇವತ್ತು ನಮ್ಮದೇ." ನೀವು ಅರ್ಧ ತಿಂದಿರಿ. ಬಾಯಾರಿಕೆ ನಿಮ್ಮನ್ನು ಹಿಂಡುತ್ತಿತ್ತು. ಸುರಂಗದ ಬಾಯಿಯಿಂದ ಒಂದು ಚೂರು ಹಿಮಗಡ್ಡೆ ತಂದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟೆ, ತುಟಿಗೆ ಒತ್ತಿಕೊಂಡಿರಿ. ಆಮೇಲೆ ಕೈ ಜೋಡಿಸಿದಿರಿ. ಬಹಳ ಹೊತ್ತು ಹಾಗೇ ಇದ್ದು ಕೈ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಿರಿ.

"ಬರ್ತಿಲ್ಲ," ಅಂದಿರಿ.

ನಿಮ್ಮ ಬಾಯಿಂದ ಆ ಮಾತು ಕೇಳಿ ನನಗೆ ಹಿಮಕ್ಕಿಂತ ಹೆಚ್ಚು ಭಯವಾಯಿತು. ಆಮೇಲೆ ಕೇಳಿದಿರಿ: "ನಿನ್ನ ಅದು ಇದೆಯಾ ಕಾರಲ್ಲಿ?"

"ಯಾವುದು ಮಾವ?"

"ಅದೇ. ಕೂಗೋದು."

"ಬೇಡ ಮಾವ. ಇಂಥ ಜಾಗದಲ್ಲಿ ಬೇಡ."

"ಬೈಬಲ್ಲು ಕಣ್ಣಿಗೆ ಕಾಣಲ್ಲ. ಪ್ರಾರ್ಥನೆ ಬಾಯಿಗೆ ಬರಲ್ಲ. ಸ್ವೇನುಂಗನ ಜೋಕು ಮೂರನೇ ಸಲ ಕೇಳಾಯ್ತು. ಹಾಕು."

ನಮ್ಮ ತಂಡದ ಹಳೆಯ ಕ್ಯಾಸೆಟ್ ಹಾಕಿದೆ. ಮೊದಲು ಬರೀ ಗಾಳಿ. ಅದರೊಳಗಿಂದ ಗಿಟಾರುಗಳು ಬಂದವು. ಒಂದೊಂದು ಸ್ವರವಾಗಿ ಅಲ್ಲ. ಬಯಲಿನ ಪುಡಿಹಿಮವನ್ನು ಗಾಳಿ ಎತ್ತಿಕೊಂಡು ಬರುವಾಗ ಕಣಕಣ ಕಾಣದೆ ಒಂದೇ ಪರದೆ ಕಾಣುತ್ತದಲ್ಲ, ಹಾಗೆ. "ಟೇಪು ಕೆಟ್ಟಿದೆ," ಅಂದಿರಿ. "ಇಲ್ಲ ಮಾವ, ಅದು ಇರೋದೇ ಹಾಗೆ," ಅಂದೆ. ಡ್ರಮ್ಮು ಶುರುವಾದಾಗ ಸ್ವೇನುಂಗ್ ಓಡಿ ಬಂದು ಗಾಜು ಬಡಿದ: "ಇನ್ನೊಂದು ಕುಸೀತಾ?" ನೀವು ನಕ್ಕಿರಿ. ಅಷ್ಟು ವರ್ಷದಲ್ಲಿ ನಿಮ್ಮ ಹಲ್ಲು ನಾನು ನೋಡಿದ್ದು ಅದೇ ಮೊದಲು, ಅದೂ ಟಾರ್ಚಿನ ಬೆಳಕಿನಲ್ಲಿ.

ಆಮೇಲೆ ನೀವು ನಿಜವಾಗಿ ಕೇಳತೊಡಗಿದಿರಿ. ಅದೇ ಮೂರು ಸ್ವರಗುಚ್ಛಗಳು ಸುತ್ತಿ ಸುತ್ತಿ ಬರುತ್ತಿದ್ದವು. ಡ್ರಮ್ಮಿನ ವೇಗ ಎಷ್ಟೆಂದರೆ, ಸ್ವಲ್ಪ ಹೊತ್ತಾದ ಮೇಲೆ ಅದು ಓಡುತ್ತಿದೆ ಅನ್ನಿಸದೆ ನಿಂತೇ ಬಿಟ್ಟಿದೆ ಅನ್ನಿಸುತ್ತದೆ. ಮಳೆಯನ್ನೇ ದಿಟ್ಟಿಸುತ್ತಾ ಕೂತರೆ ಹಾಗೆ ಆಗುತ್ತದೆ. "ನೀನೆಲ್ಲಿ?" ಎಂದು ಕೇಳಿದಿರಿ. "ಹಿಂದೆ ಇದ್ದೀನಿ, ಕಿವಿ ಕೊಡಿ," ಅಂದೆ. ತಾರ್ಯೆ ನನ್ನ ದನಿಯನ್ನು ಬೇಕೆಂದೇ ಗಿಟಾರುಗಳ ಅಡಿಯಲ್ಲಿ ಹೂತಿಟ್ಟಿದ್ದ. ಬೆಟ್ಟದ ಆ ಮಗ್ಗುಲಲ್ಲಿ ಯಾರೋ ಕೂಗುತ್ತಿದ್ದಾರೆ, ಮಾತು ತಿಳಿಯುವುದಿಲ್ಲ, ಕೂಗು ಮಾತ್ರ ತಿಳಿಯುತ್ತದೆ. ನೀವು ಕತ್ತು ಮುಂದಕ್ಕೆ ಚಾಚಿ ಅದನ್ನು ಹುಡುಕಿದಿರಿ. ಸಿಕ್ಕಿದ್ದು ನನಗೆ ಗೊತ್ತಾಯಿತು, ನಿಮ್ಮ ಉಸಿರು ತಡೆದು ನಿಂತಿತು.

"ಯಾರ ಮೇಲೆ ಸಿಟ್ಟು?" ಅಂದಿರಿ.

"ಯಾರ ಮೇಲೂ ಅಲ್ಲ ಮಾವ."

"ಹೂಂ. ಮಿಷನ್ನಿಗೆ ಸೇರಿಸಿ ಮಲಗಿಸ್ತಾರಲ್ಲ, ಆಗ ನನ್ನೊಳಗೂ ಹೀಗೇ ಇರುತ್ತೆ. ನರ್ಸು ಬಂದು ಹೇಗಿದೀರಿ ಅಂತಾಳೆ. ಚೆನ್ನಾಗಿದೀನಿ ಅಂತೀನಿ." ಆಮೇಲೆ ಕೇಳಿದಿರಿ, "ಕೊನೆಗೆ ಏನಾಗುತ್ತೆ? ಕೂಗ್ತಿರೋಳು ಹೊರಗೆ ಬರ್ತಾಳಾ?"

"ಇಲ್ಲ. ಯಾರೂ ಬರಲ್ಲ. ಹಾಡು ನಿಲ್ಲುತ್ತೆ, ಅಷ್ಟೆ."

"ಒಳ್ಳೇದಾಯ್ತು. ಸುಳ್ಳು ಹೇಳಲ್ಲ ಹಾಗಾದ್ರೆ. ಇನ್ನೊಂದು ಸಲ ಹಾಕು."

ನಾನು ಈ ಸಂಗೀತದ ಹಿಂದೆ ಯಾಕೆ ಬಿದ್ದೆ ಎಂದು ಎಷ್ಟೋ ಜನ ಕೇಳಿದ್ದಾರೆ. ಬೆಟ್ಟ, ಕಾಡು, ಚಳಿ ಎಂದೆಲ್ಲ ಏನೇನೋ ಹೇಳಿದ್ದೇನೆ. ಆವತ್ತು ನೀವು ಹೇಳಿದ್ದಕ್ಕಿಂತ ಸರಿಯಾದದ್ದನ್ನು ನಾನು ಯಾವತ್ತೂ ಹೇಳಿಲ್ಲ.

ಎರಡನೇ ಸಲ ಹಾಡು ನಡೆಯುತ್ತಿರುವಾಗಲೇ ನೀವು ಇನ್ನೊಂದು ಮಾತು ಹೇಳಿದಿರಿ. "ಸುನ್ನಿವಾ, ಒಂದಿನ ನಾನೇ ಸಾಕು ಅಂತೀನಿ. ನಿನ್ನತ್ತೆ ಬೋರ್ಗಿಲ್ಡ್ ಅಳ್ತಾಳೆ. ಐವಿಂಡ್ ಕೂಗಾಡ್ತಾನೆ. ನೀನೊಬ್ಬಳು ಬೇಡ ಅನ್ನಬಾರದು." ಸದ್ದಿನಲ್ಲಿ ಕೇಳಿಸಲಿಲ್ಲವೆಂದು ನೀವು ತಿಳಿದುಕೊಂಡಿದ್ದರೆ, ಕೇಳಿಸಿತ್ತು ಮಾವ.

ಮರುದಿನ ಹಿಮ ಅಗೆದು ನಮ್ಮನ್ನು ತೆಗೆದರು. ನಿಮ್ಮನ್ನು ಹೆಲಿಕಾಪ್ಟರಿನಲ್ಲಿ ಹೊತ್ತೊಯ್ದರು. ಆಮೇಲೆ ಕಾರಿನಲ್ಲಿ ಮೌನ ಹೋಯಿತು. ಹಾಡಿಗೆ ತಕರಾರು ಶುರುವಾಯಿತು: "ಈ ಡ್ರಮ್ಮಿನವನಿಗೆ ಬಸ್ಸು ತಪ್ಪುತ್ತಾ? ಯಾಕೆ ಹಾಗೆ ಓಡ್ತಾನೆ?" ರಸ್ತೆ ಮಾತ್ರ ಅದೇ ಇತ್ತು. ಘಟ್ಟ ಅದೇ, ಸುರಂಗ ಅದೇ, ವಾರಕ್ಕೆ ಮೂರು ಸಲ. ಒಬ್ಬಳು ಸಿಕ್ಕಿಬಿದ್ದಿದ್ದ ಜಾಗದಲ್ಲಿ ಇಬ್ಬರಾದೆವು.

ಬೇಸಿಗೆಯ ಕೊನೆಗೆ ನೀವು ಯಾರಿಗೂ ಹೇಳದೆ ಟೋರ್ಗೇರನಿಗೆ ಫೋನ್ ಮಾಡಿದಿರಿ. ನಾನು ಅಡುಗೆಮನೆಯಲ್ಲಿ ಅತ್ತೆಯ ಜೊತೆ ಆಲೂಗಡ್ಡೆ ಸುಲಿಯುತ್ತಿದ್ದೆ. "ಅನ್‌ಫಿನ್ ಮಾತಾಡ್ತಿರೋದು. ಮಂಗಳವಾರ ಗಾಡಿ ಬೇಕು... ಹೌದಪ್ಪ, ಇನ್ನೂ ಬದುಕಿದೀನಿ... ಹಿಂದಿನ ಸೀಟು ಯಾಕೆ? ಮುಂದೇನೇ ಕೂರ್ತೀನಿ." ಅತ್ತೆಯ ಕೈಯಿಂದ ಚಾಕು ಜಾರಿತು. ನೀವು ಒಳಗೆ ಬಂದು ನನಗೆ ಹೇಳಿದಿರಿ, "ಹೋಗು. ನಿನ್ನ ಆ ಹಾಳು ಸಂಗೀತ ಮುಗಿಸಿಕೊಂಡು ಬಾ."

ಹೋದೆ. ಕರಾವಳಿಯ ಒಂದು ದ್ವೀಪದಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದ ಹಳೆಯ ಕಟ್ಟಡವೇ ನಮ್ಮ ಸ್ಟುಡಿಯೋ, ಮೂರು ಕಡೆ ಸಮುದ್ರ. ನಾನು ಕನಸು ಕಂಡ ಬಯಲು ಅದೇ. ತಾರ್ಯೆ ಮೈಕು ಕೊಟ್ಟ, ಬಾಯಿ ತೆರೆದೆ, ಕೂಗು ಬರಲಿಲ್ಲ. ವಾರಗಟ್ಟಲೆ ಬರಲಿಲ್ಲ. ಮಂಗಳವಾರ ಎಚ್ಚರವಾದೊಡನೆ ಕೈ ಕಾರಿನ ಕೀ ಹುಡುಕುತ್ತಿತ್ತು. ಅಷ್ಟು ಆಕಾಶ ಮುಂದಿದ್ದೂ ನಾನು ಆ ಸೀಟಿನಲ್ಲೇ ಬೆಲ್ಟು ಬಿಗಿದು ಕೂತಿದ್ದೆ. ಟೋರ್ಗೇರ್ ನಿಮ್ಮ ಕಾಲಿಗೆ ಕಂಬಳಿ ಸರಿಯಾಗಿ ಹೊದಿಸಿದನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಬಿಡುಗಡೆ ಕೊಟ್ಟಿರಿ ಮಾವ, ಅದನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಇವತ್ತು ಬೆಳಗ್ಗಿನಿಂದ ಒಂದೇ ಯೋಚನೆ. ನಾನು ಹೊರಟುಹೋದೆನೆಂದು ನೀವು ಸಾಕು ಅಂದಿರಾ? ಅತ್ತೆಯನ್ನು ಕೇಳಿದೆ. "ಗೊತ್ತಿಲ್ಲ ಕಣೆ, ನೀನೇ ಬಂದು ಕೇಳು," ಅಂದರು. ದಾರಿಯುದ್ದಕ್ಕೂ ನಾಲಿಗೆಯ ತುದಿಯಲ್ಲಿ ಒಂದೇ ಮಾತು: ಬೇಡ ಮಾವ, ಇನ್ನೊಂದು ಚಳಿಗಾಲ, ನಾನೇ ಕರೆದುಕೊಂಡು ಹೋಗುತ್ತೇನೆ. ಈ ಗೇಟು ಇಲ್ಲದಿದ್ದರೆ ಮಧ್ಯಾಹ್ನವೇ ಬಂದು ಅದನ್ನು ಅಂದುಬಿಡುತ್ತಿದ್ದೆ. ನೀವು ನನ್ನ ಮುಖ ನೋಡಿ ಮತ್ತೆ ಹೋಗಿ ಆ ಮಿಷನ್ನಿನ ಪಕ್ಕ ಮಲಗುತ್ತಿದ್ದಿರಿ. ನರ್ಸಿಗೆ ಚೆನ್ನಾಗಿದೀನಿ ಅನ್ನುತ್ತಿದ್ದಿರಿ.

ಆಗಲೇ ಅತ್ತೆ ಮತ್ತೆ ಫೋನ್ ಮಾಡಿದರು. ಹಿಂದೆ ಏನೋ ಭೋರ್ಗರೆತ. "ಇವರು ನಿನ್ನ ಕ್ಯಾಸೆಟ್ ಹಾಕಿಸಿಕೊಂಡು ಕೂತಿದ್ದಾರೆ. ಕಿಟಕಿ ನಡುಗ್ತಿದೆ ಕಣೆ. ಯಾವಾಗ ಮುಗಿಯುತ್ತೆ ಇದು?" ಕಿವಿಗೊಟ್ಟು ಕೇಳಿ ಹೇಳಿದೆ, "ಇನ್ನೂ ಅರ್ಧ ಇದೆ ಅತ್ತೆ." "ಅಯ್ಯೋ ದೇವರೇ," ಅಂದರು. ಆ ಸದ್ದಿನ ಅಡಿಯಿಂದ ನಿಮ್ಮ ದನಿ ಬಂತು, "ಬಾಗಿಲು ಮುಚ್ಕೊಂಡು ಹೋಗು ಬೋರ್ಗಿಲ್ಡ್, ಕೇಳಿಸ್ಕೊಳ್ಳೋಕೆ ಬಿಡು." ನಿಮ್ಮ ದನಿಯಲ್ಲಿ ಭಯವಿರಲಿಲ್ಲ, ಬೇಸರವೂ ಇರಲಿಲ್ಲ. ಕೆಲಸ ಮುಗಿಸಿ ಬೂಟು ಬಿಚ್ಚಿದವರ ದನಿ ಅದು.

ಫೋನಿಟ್ಟ ಮೇಲೆ ಸ್ಟೀರಿಂಗಿಗೆ ಹಣೆ ಕೊಟ್ಟು ಅತ್ತುಬಿಟ್ಟೆ. ಆಮೇಲೆ ಕೂಗಿದೆ. ತಿಂಗಳುಗಳಿಂದ ಬಾರದಿದ್ದ ಕೂಗು. ಮುಂದಿನ ಲಾರಿಯವನು ಇಳಿದು ಬಂದು "ಏನಾಯ್ತಮ್ಮಾ?" ಅಂದ. "ಏನಿಲ್ಲ, ನಮ್ಮ ಮಾವ ಹೊರಟಿದ್ದಾರೆ," ಅಂದೆ. ಅವನು ತನ್ನ ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟು ಪಕ್ಕದಲ್ಲೇ ನಿಂತ.

ಬೇಡ ಅನ್ನುವುದಿಲ್ಲ ಮಾವ. ನನ್ನಿಂದಾಗಿಯೇ ಹೊರಟಿರೋ ಎಂದೂ ಕೇಳುವುದಿಲ್ಲ. ಕೇಳಿದರೆ ನೀವು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಆ ಕೆಲಸ ನಿಮಗೆ ಈಗ ಬೇಡ. ಐವಿಂಡನ ಹಡಗು ದಡದ ಕಡೆ ತಿರುಗಿದೆಯಂತೆ. ಅವನು ಕೂಗಾಡಿದರೆ ನಾನು ನೋಡಿಕೊಳ್ಳುತ್ತೇನೆ.

ರಸ್ತೆಯವನು ಬಂದು ಗಾಜು ತಟ್ಟಿದ. ಗಾಳಿ ಸ್ವಲ್ಪ ತಗ್ಗಿದೆ, ಹಿಮ ತಳ್ಳುವ ಲಾರಿಯ ಹಿಂದೆ ಸಾಲಾಗಿ ಬಿಡುತ್ತಾರಂತೆ. "ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಬೇರೆ ಎಲ್ಲೂ ನೋಡಬೇಡ," ಅಂದ.

ನಮ್ಮ ಊರುಗಳ ಚರ್ಚಿನಂಗಳದಲ್ಲಿ ಸತ್ತವರ ಕಲ್ಲಿನ ಮೇಲೆ 'ಎಲ್ಲದಕ್ಕೂ ಧನ್ಯವಾದ' ಎಂದು ಕೆತ್ತಿಸುತ್ತಾರೆ. ಕಲ್ಲಿಗೆ ಹೇಳಿದರೆ ಯಾರಿಗೆ ಕೇಳುತ್ತದೆ? ನಿಮ್ಮ ಕಿವಿ ಇನ್ನೂ ಚೆನ್ನಾಗಿದೆ, ಅದಕ್ಕೇ ನಿಮಗೇ ಹೇಳುತ್ತಿದ್ದೇನೆ.

ಎಲ್ಲದಕ್ಕೂ ಧನ್ಯವಾದ, ಮಾವ. ಹಗುರಾಗಿ ಹೋಗಿಬನ್ನಿ. ನಾನು ಬರುವವರೆಗೆ ಮಾತ್ರ ಇರಿ.

ನಿಮ್ಮ ಸೊಸೆ,
ಸುನ್ನಿವಾ