ಉಂಗುರ ಮೂಡದ ತಟ್ಟೆ

ಬುಧವಾರ, ಮಧ್ಯಾಹ್ನ

ಮುದ್ದು ಮಗಳೇ,

ಜ್ವರ ಪೂರ್ತಿ ಬಿಟ್ಟಿದೆ. ಇಂಜೆಕ್ಷನ್ ಸೂಜಿ ಚುಚ್ಚಿದ ಕೈ ಇನ್ನೂ ಸ್ವಲ್ಪ ಊದಿದ್ದರೂ ಹೊಲಿಗೆ ಯಂತ್ರದ ಮುಂದೆ ಕೂರುವಷ್ಟು ಗಟ್ಟಿಯಾಗಿದ್ದೇನೆ. ಆದರೆ ಕುಳಿತರೆ ಮನಸ್ಸೆಲ್ಲ ನಿನ್ನ ಆಸ್ಪತ್ರೆಯ ಲ್ಯಾಬಿನಲ್ಲೇ.

ನೀನು ಬೆಳಕಿಗೆ ಹಿಡಿದು ತೋರಿಸಿದ ಆ ತಟ್ಟೆ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಮೂತ್ರದಲ್ಲಿದ್ದ ರೋಗಾಣುವನ್ನು ಅದರಲ್ಲಿ ಬೆಳೆಸಿ, ಔಷಧಿಯ ಬಿಳಿ ಬಿಲ್ಲೆಗಳನ್ನು ಇಟ್ಟಿದ್ದೀಯ. ಥೇಟ್ ಅಂಗಿ ಗುಂಡಿಗಳು. ಔಷಧಿ ಗೆದ್ದ ಕಡೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದಂತೆ. ನನ್ನದರಲ್ಲಿ ಹೆಚ್ಚಿನವಕ್ಕೆ ಉಂಗುರವೇ ಇರಲಿಲ್ಲ. ಡಾಕ್ಟರು ಬದಲಿಸಿ ಬದಲಿಸಿ ಕೊಟ್ಟ ಮಾತ್ರೆಗಳು ಯಾಕೆ ನಾಟಲಿಲ್ಲವೆಂದು ಆಗ ಅರ್ಥವಾಯಿತು. ಆಮೇಲೆ ನೀನು ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟೆಯಲ್ಲ, ಮಾರುಕಟ್ಟೆಯ ಕೋಳಿ ಮಾಂಸದಿಂದ ಬೆಳೆಸಿದ್ದು, ಅದೂ ಇದೂ ಅವಳಿ ಮಕ್ಕಳ ಹಾಗಿದ್ದವು. ಇದು ಸುಳಿವು ಮಾತ್ರ, ಸಾಕ್ಷಿಯಲ್ಲ ಎಂದು ಎಚ್ಚರಿಸಿ, ಮನೆಗೆ ಕೋಳಿ ಯಾರು ತರುತ್ತಾರೆ ಎಂದು ನೀನು ಕೇಳಿದ್ದೆ. ಒಬ್ಬಳಿಗೆ ಯಾಕೆ ಆ ರಗಳೆ, ಯಾರೂ ತರುವುದಿಲ್ಲ ಎಂದು ನಾನು ಹೇಳಿಬಿಟ್ಟೆ.

ಅದು ಸುಳ್ಳು. ನಿನ್ನ ಅಪ್ಪ ತರುತ್ತಾರೆ.

ಪತ್ರವನ್ನು ಇಲ್ಲಿಗೇ ಮಡಚಿಡಬೇಡ. ನೀನು ಕಾಲೇಜು ಸೇರಿದ ವರ್ಷ ಅವರು ನಮ್ಮನ್ನು ಬಿಟ್ಟು ಹೋದದ್ದನ್ನು ನಾನೂ ಮರೆತಿಲ್ಲ. ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ನಲ್ಲಿ ಸೋರತೊಡಗಿತು. ಊರಲ್ಲಿ ಬೇರೆ ನಲ್ಲಿ ಕೆಲಸದವರಿಲ್ಲವೇ ಎಂದು ನೀನು ಕೇಳುತ್ತೀಯ. ಇದ್ದಾರೆ. ನಾನು ಇವರನ್ನೇ ಕರೆದೆ. ನಲ್ಲಿ ಸರಿಯಾಯಿತು, ಊಟಕ್ಕೆ ಉಳಿದರು. ಅಲ್ಲಿಂದ ಪ್ರತಿ ಭಾನುವಾರ ಕೋಳಿ ತಂದು ತಾವೇ ಅಡುಗೆ ಮಾಡುತ್ತಾರೆ. ಇಬ್ಬರೂ ತಿನ್ನುತ್ತೇವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಷ್ಟು ದಿನ ನಿನಗೆ ಹೇಳದೆ ಕಳೆದೆ.

ನಾವು ಅರೆಬೆಂದದ್ದನ್ನು ಎಂದೂ ತಿಂದವರಲ್ಲ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆಂದು ನೀನೇ ಹೇಳಿದ್ದೆ. ಹಾಗಾದರೆ ಅದು ಬಂದದ್ದು ಎಲ್ಲಿಂದ? ಈ ಭಾನುವಾರ ಅವರ ಬೆನ್ನ ಹಿಂದೆಯೇ ನಿಂತು ನೋಡಿದೆ. ನಿನ್ನ ಅಪ್ಪನ ಚೊಕ್ಕಟತನ ಗೊತ್ತಲ್ಲ. ನಲ್ಲಿಯನ್ನು ರಭಸವಾಗಿ ಬಿಟ್ಟು ಹಸಿ ಮಾಂಸವನ್ನು ತಿಕ್ಕಿ ತಿಕ್ಕಿ ತೊಳೆದರು. ಹನಿಗಳು ತೊಳೆದಿಟ್ಟ ಲೋಟಗಳ ಮೇಲೂ, ಹೆಚ್ಚಿಟ್ಟ ಸೌತೆಕಾಯಿಯ ಮೇಲೂ ಹಾರಿದವು. ಆ ಸೌತೆಕಾಯಿಯನ್ನು ನಾವು ಹಸಿಯಾಗಿಯೇ ತಿನ್ನುವುದು.

ನೀನು ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ನಲ್ಲಿ ನಿಲ್ಲಿಸಿದರು. “ಹಾಗಾದ್ರೆ ನಿನ್ನ ಮಲಗಿಸಿದ್ದು ನನ್ನ ಕೈಯೇನಾ?” ಅಂದರು. ನಾನು ಆ ಸೌತೆಕಾಯಿಯನ್ನು ಕಸದ ಬುಟ್ಟಿಗೆ ಸುರಿದೆ.

ಮರುದಿನ ಇಬ್ಬರೂ ಮಾರುಕಟ್ಟೆಗೆ ಹೋದೆವು. ಕೋಳಿ ಅಂಗಡಿಯವನು ಮೊದಲು ನಕ್ಕ. ಬೆಳಿಗ್ಗೆ ಓಡಾಡುತ್ತಿದ್ದ ಕೋಳಿಯಲ್ಲಿ ಎಂಥ ರೋಗ ಎಂದ. ಕೋಳಿಗೆ ಕೊಡುವ ಔಷಧಿಯ ಮಾತೆತ್ತಿದಾಗ ಮಾತ್ರ ಕತ್ತಿಯನ್ನು ಕೆಳಗಿಟ್ಟ. “ಫಾರಮ್ಮಲ್ಲಿ ಕಾಯಿಲೆ ಬಂದ ಮೇಲೆ ಕೊಡೋದಲ್ಲಮ್ಮ, ಬರೋಕೆ ಮುಂಚೇನೇ ನೀರಲ್ಲಿ ಹಾಕ್ತಾರೆ,” ಎಂದ. ಬೈಸಿಕೊಂಡು ಬೈಸಿಕೊಂಡು ಮೈಗೆ ಹತ್ತಿಸಿಕೊಳ್ಳದ ಮಕ್ಕಳ ಹಾಗೆ ರೋಗಾಣುಗಳೂ ಔಷಧಿಗೆ ಮೊಂಡುಬಿದ್ದಿವೆಯೇ? ಹೀಗೆ ಹೇಳಿದರೆ ಸರಿಯೋ ತಪ್ಪೋ, ನೀನೇ ತಿದ್ದು. ಪರೀಕ್ಷೆಗೆ ಸ್ವಲ್ಪ ಮಾಂಸ ಕೊಡು ಎಂದು ಕೇಳಿದರೆ ಅವನಿಗೆ ಹೆದರಿಕೆ, ವ್ಯಾಪಾರ ಕೆಡುತ್ತದಲ್ಲ. ತನ್ನ ಮಕ್ಕಳೂ ಇದನ್ನೇ ತಿನ್ನುವುದು ಎಂದು ತಾನೇ ಗೊಣಗಿಕೊಂಡು, ಕೊನೆಗೆ ಒಪ್ಪಿದ. ನಿಮ್ಮ ಲ್ಯಾಬಿನವರು ಬಂದರೆ ಕೊಡುತ್ತಾನೆ.

ಮನೆಯಲ್ಲಿ ಈಗ ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು. ನಲ್ಲಿಯ ಕೆಳಗೆ ತೊಳೆಯುವುದು ನಿಂತಿದೆ. ಕೈಗೆ ಮಾತ್ರ ಸೋಪು ಸವೆಯುತ್ತಿದೆ.

ನಿನ್ನ ಕೋಪ ನಿನ್ನದು. ಅದಕ್ಕೆ ನಾನು ಔಷಧಿ ಹುಡುಕುತ್ತಿಲ್ಲ. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ನಿನಗೆ ಸಿಗಬೇಕು, ಅಷ್ಟೇ.

ಕುತೂಹಲ ಇನ್ನೂ ತೀರದ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅಪ್ಪ ಮೈಯೆಲ್ಲ ಸುಡುತ್ತಾ ಬಂದರು. ನನಗಿದ್ದ ಉರಿಮೂತ್ರವೇ ಅವರಿಗೂ. ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆಯೂ ಆಗಲಿ ಎಂದು ನಾನೇ ಹಠ ಹಿಡಿದೆ. ಬಾಟಲಿ ನಿನ್ನ ಲ್ಯಾಬಿಗೇ ಬರುತ್ತಿದೆ. ಅದರ ಮೇಲೆ ತಮ್ಮ ಹೆಸರು ಬೇಡ, ನೋಡಿದರೆ ಅವಳು ಮುಟ್ಟುವುದಿಲ್ಲ ಎಂದರು. ನಾನು ದೊಡ್ಡದಾಗಿಯೇ ಬರೆದಿದ್ದೇನೆ.