ಬಾಗಿಲ ಹೊರಗೆ ಕೇಳಿದ ಪದ

ಪ್ರೀತಿಯ ಮಾಸ್ಟ್ರೇ,

ಸಾನಪಾಡಾದ ನಿಮ್ಮ ಕೋಣೆಯಲ್ಲಿ ಒಂದು ಸಂಜೆ ದುಭಾಷಿಯ ಕೆಲಸ ಕಲಿಸುತ್ತ, ಗುಟ್ಟಿನ ಸಂಚಿಗೆ ಜಪಾನಿಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದಿರಿ. ನಾನು ಮೂರು ಪದ ಹೇಳಿ ಬೀಗಿದೆ. ‘ಇಂಬೋ’ ಎಂದರೆ ಪೊಲೀಸರು ಬರುವಂಥ ಒಳಸಂಚು. ‘ತಕುರಮಿ’ ಎಂದರೆ ಕೆಟ್ಟ ಉದ್ದೇಶದ ಹೂಟ. ‘ನೆಮವಾಶಿ’ ಎಂದರೆ ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಕಂಡು ಒಪ್ಪಿಸಿಟ್ಟುಕೊಳ್ಳುವುದು. ಅದು ಅಲ್ಲಿ ಮರ್ಯಾದೆಯ ಕೆಲಸ. ನೀವು ಚಹಾ ಸೋಸುತ್ತ, “ಗುಟ್ಟು ಇದ್ದ ಕೂಡ್ಲೆ ಸಂಚು ಆಗುದಿಲ್ಲ ಮಾರಾಯಾ. ಹೆದರಿದವರೂ ಬಾಗಿಲು ಹಾಕಿಯೇ ಮಾತಾಡುದು” ಎಂದಿರಿ. ಆ ದಿನ ನನಗೆ ಅದು ಉತ್ತರ ಅನ್ನಿಸಿರಲಿಲ್ಲ.

ಹೋದ ತಿಂಗಳು ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಗೆ ದುಭಾಷಿಯಾಗಿ ಹೋಗಿದ್ದೆ. ಜಪಾನಿನ ಮೂಲ ಕಂಪನಿಯಿಂದ ಹಿರಿಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದಿದ್ದರು. ಪ್ರಕಾಶ ಎಂಬ ಕೆಲಸಗಾರ ಇಬ್ಬರು ಜೊತೆಗಾರರನ್ನು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಯಾರಿಗೂ ತಿಳಿಯದಂತೆ ಸೇರಿಸಿದ್ದ. ಮರುದಿನ ಮೂವರೂ, ಹೊಗೆ ಎಳೆಯುವ ಫ್ಯಾನ್ ಸರಿಯಾಗುವವರೆಗೆ ಬಣ್ಣ ಕಲಸುವ ಕೋಣೆಗೆ ಕಾಲಿಡುವುದಿಲ್ಲ ಎಂದು ಹೊರಗೇ ನಿಂತರು. ಇದನ್ನು ಏನೆಂದು ಕರೆಯಬೇಕು? ಪ್ರಕಾಶನ ಕೆಲಸ ಆ ಹೆಸರಿನ ಮೇಲೆ ನಿಂತಿತ್ತು.

ಒಳಗೆ ಹೋಗುವ ಮೊದಲು ಮ್ಯಾನೇಜರ್ ಹೆಗ್ಡೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. ಉಡುಪಿ ಕಡೆಯವರು. ಊರು ಕೇಳಿದರು, ನೀರು ತರಿಸಿದರು. ಆಮೇಲೆ ದನಿ ತಗ್ಗಿಸಿ, “ನೀವು ನಮ್ಮವರೇ ಅಲ್ವಾ. ನಾನು ಒಳಗೆ ಪ್ಲಾನ್ ಅಂತ ಮಾತ್ರ ಹೇಳ್ತೇನೆ. ಜಪಾನಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಶಬ್ದ ಯಾವುದುಂಟು, ಅದನ್ನು ಹಾಕಿ. ನಮ್ಮೊಳಗೇ ಇರ್ಲಿ” ಎಂದರು. ನಾನು ತಲೆಯಾಡಿಸಿದೆನೇ? ಊರಿನ ಮಾತು ಕಿವಿಗೆ ಬಿದ್ದಾಗ ಕತ್ತು ತಾನಾಗಿಯೇ...

ವಿಚಾರಣೆ ಹಿಂದಿಯಲ್ಲಿ ನಡೆಯಿತು. ಹೆಗ್ಡೆ ಹೇಳಿದಂತೆಯೇ ಹೇಳಿದರು, ಇವರು ಚುಪ್‌ಚಾಪ್ ಪ್ಲಾನ್ ಮಾಡಿದ್ದಾರೆ ಎಂದು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಂಬೋ ಎಂದಿದ್ದರೆ ಪ್ರಕಾಶ ಅಲ್ಲಿಗೆ ಮುಗಿಯುತ್ತಿದ್ದ. ನೆಮವಾಶಿ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಯಾರು ಹೇಳಿದ್ದರು? ಅದೂ ನಾನು ಸೇರಿಸುವ ಪದವೇ ಆಗುತ್ತಿತ್ತು. ಗುಟ್ಟಾಗಿ ಯೋಜನೆ ಮಾಡಿದರು ಎಂದಷ್ಟೇ ಹೇಳಿದೆ. ಹೆಗ್ಡೆಯವರಿಗೆ ಜಪಾನಿ ಬಾರದು. ಆದರೂ ಅಧಿಕಾರಿ ಬೆಚ್ಚಿಬೀಳದ್ದು ಕಂಡು ನನ್ನ ವಾಕ್ಯ ಹಗುರಾದದ್ದು ಅವರಿಗೆ ಗೊತ್ತಾಯಿತು. ಅಧಿಕಾರಿ ಪ್ರಕಾಶನತ್ತ ತಿರುಗಿ, ಗುಟ್ಟೇಕೆ ಎಂದರು.

“ಅಕೇಲಾ ಜೋ ಬೋಲಾ, ಉಸ್‌ಕಾ ಗೇಟ್ ಪಾಸ್ ಬಂದ್ ಹುವಾ, ಸಾಬ್.”

ಫ್ಯಾನಿನ ದೂರನ್ನು ಒಬ್ಬನೇ ಹೋಗಿ ಹೇಳಿದವನನ್ನು ಮರುದಿನ ಗೇಟಿನಲ್ಲೇ ತಡೆದಿದ್ದರು ಎಂದು ಪ್ರಕಾಶ ಬಿಡಿಸಿ ಹೇಳಿದ. ಅಷ್ಟನ್ನೂ ಜಪಾನಿಯಲ್ಲಿ ಹೇಳಿದೆ. ಅಧಿಕಾರಿಯ ಮುಖ ಬದಲಾಗಲಿಲ್ಲ.

ವಾಶಿಯಲ್ಲಿ ಮೊದಲ ಸಲ ನಿಮ್ಮ ಪಕ್ಕ ಕೆಲಸಕ್ಕೆ ಕೂತದ್ದು ಆಗ ನೆನಪಾಯಿತು. ಊಟಕ್ಕೆ ಕರೆದ ವ್ಯಾಪಾರಿ ಸಭೆಗೆ ಮೊದಲು ನಿಮ್ಮ ಕಿವಿಯಲ್ಲಿ ಏನೋ ಹೇಳಿದ. ನೀವು ಸಭೆಯಲ್ಲಿ ಅದನ್ನು ಎರಡೂ ಭಾಷೆಗಳಲ್ಲಿ ಗಟ್ಟಿಯಾಗಿ ಒಪ್ಪಿಸಿದಿರಿ. ಬಾಗಿಲ ಹೊರಗೆ ದುಭಾಷಿಗೆ ಹೇಳಿದ್ದು ಬಾಗಿಲ ಒಳಗೆ ಎಲ್ಲರದ್ದು ಎಂದಿರಿ. ಆ ದಿನ ನಮಗೆ ಊಟ ಸಿಗಲಿಲ್ಲ, ಅಲ್ಲವೇ?

ನಾನು ಕೈ ಎತ್ತಿ, ದುಭಾಷಿಯದೇ ಒಂದು ಮಾತಿದೆ ಎಂದೆ. ಮೆಟ್ಟಿಲ ಬಳಿ ಕೇಳಿದ್ದನ್ನು ಮೊದಲು ಜಪಾನಿಯಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದೆ. ನೀರು ತರಿಸಿದ್ದನ್ನೂ. ಅಧಿಕಾರಿ ಪೆನ್ನು ಕೆಳಗಿಟ್ಟರು. ಆಮೇಲೆ ಹೆಗ್ಡೆಯವರನ್ನು ನೋಡುತ್ತ ಒಂದೇ ಪದ ಹೇಳಿದರು: ತಕುರಮಿ.

“ಎಂತ ಹೇಳಿದ್ದು ಅವ್ರು?” ಹೆಗ್ಡೆ ಕನ್ನಡದಲ್ಲೇ ಕೇಳಿದರು.

ಕೆಟ್ಟ ಉದ್ದೇಶದ ಹೂಟ ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದೆ. ಆಮೇಲೆ ಅವರಿಗೆ ಕನ್ನಡದಲ್ಲಿ.

ನೀವಿದ್ದಿದ್ದರೆ ಮೊದಲು ಕೇಳುತ್ತಿದ್ದ ಸುದ್ದಿ ಇಷ್ಟು. ಹೊಸ ಫ್ಯಾನ್ ಬಂದಿದೆಯಂತೆ. ಹೆಗ್ಡೆ ಇನ್ನೂ ಅಲ್ಲೇ ಇದ್ದಾರೆ. ನನ್ನನ್ನು ಮತ್ತೆ ಕರೆದಿಲ್ಲ. ನಿನ್ನೆ ಲೋಕಲ್ ರೈಲಿನಲ್ಲಿ ಪ್ರಕಾಶ ಕಂಡ, ಕೊರಳಲ್ಲಿ ಗೇಟ್ ಪಾಸ್ ನೇತಾಡುತ್ತಿತ್ತು. ಮೂವರು ಕೂತಿದ್ದ ಸೀಟಿನಲ್ಲಿ ಪಕ್ಕದವರನ್ನು ಒತ್ತಿ ನನಗೆ ತುಸು ಜಾಗ ಮಾಡಿದ. ನಾನು ಅಂಚಿನಲ್ಲಿ ಕೂತೆ.