ತೊಳೆದಿಟ್ಟ ಕೊಳವೆ

ಡಿಸೆಂಬರ್ 12, ಗುರುವಾರ

ಲಿಕ್ವಿಡ್ ನೈಟ್ರೋಜನ್ ತುಂಬಿಸಿದೆ, ಪಂಪು ಹಾಕಿದೆ, ಕಾಫಿ ಕುಡಿದೆ. ಮದುವೆಯಾಗಿ ಇಪ್ಪತ್ತಾರು ದಿನ. ಎಣಿಸುವುದನ್ನು ನಿಲ್ಲಿಸಬೇಕು. ನಿಲ್ಲಿಸುವುದಿಲ್ಲ!

ಕೊಳವೆಗೆ ಆರ್ಗಾನ್, ಸ್ವಲ್ಪ ಅಸಿಟಿಲೀನ್. ವೋಲ್ಟೇಜ್ ಕೊಟ್ಟೆ. ನೇರಳೆ ಬೆಳಕು ಈ ತುದಿಯಿಂದ ಆ ತುದಿಗೆ ಹರಿಯಿತು. ಎಷ್ಟು ಸಲ ನೋಡಿದರೂ ಆಸೆ ತೀರದು. ಒಂದೂವರೆ ಮೀಟರ್ ಗಾಜಿನೊಳಗೆ ನಕ್ಷತ್ರಗಳ ನಡುವಿನ ಒಂದು ತುಂಡು!

ಪರದೆಯ ಗ್ರಾಫಿನಲ್ಲಿ ನಮ್ಮ ಉಬ್ಬು, ಒಂದು ಅಣುವಿನ ರೇಡಿಯೋ ಗುರುತು, ಎದ್ದಿತು. ಸೆಪ್ಟೆಂಬರ್‌ನಿಂದ ದಿನವೂ ಏಳುತ್ತಿದೆ, ಅದೇ ಜಾಗದಲ್ಲಿ. ಶೂಗೊ ನಾಗಾನೊದ ಬೆಟ್ಟದ ಮೇಲಿನ ದೊಡ್ಡ ರೇಡಿಯೋ ದೂರದರ್ಶಕದ ಡಿಶ್ ಅನ್ನು ವೃಷಭ ರಾಶಿಯ ಕಪ್ಪು ಮೋಡಕ್ಕೆ ತಿರುಗಿಸಿದಾಗ ಕಾಣುವುದೂ ಅದೇ ಜಾಗದಲ್ಲಿ. ಅದು ಯಾವ ಅಣುವಿನದೆಂದು ಹನ್ನೊಂದು ವರ್ಷಗಳಿಂದ ಯಾರಿಗೂ ತಿಳಿದಿರಲಿಲ್ಲ. ಗಂಡ ಆಕಾಶದಲ್ಲಿ ಕಂಡದ್ದನ್ನು ಹೆಂಡತಿ ಸೆಂದೈಯ ನೆಲಮಾಳಿಗೆಯಲ್ಲಿ ಮಾಡಿಕೊಟ್ಟಳು… ಇದಕ್ಕಿಂತ ರೊಮ್ಯಾಂಟಿಕ್ ಇನ್ನೇನಿದೆ?

ನಮ್ಮ ಪ್ರೊಫೆಸರ್ ಕುರೋಮಿಯಾ ಸೆನ್ಸೆ ಬಂದು ಇಣುಕಿದರು. ಮಾರ್ಚ್‌ನಲ್ಲಿ ಅವರ ನಿವೃತ್ತಿ. ವಸಂತದ ಸಮ್ಮೇಳನದಲ್ಲಿ ಇದೇ ಉಬ್ಬಿನ ಮೇಲೆ ಅವರ ಕೊನೆಯ ಭಾಷಣ.

"ಚೆನ್ನಾಗಿದೆ, ಹೊರಿಗೊಮೆ-ಸಾನ್. ಛೆ, ಅಲ್ಲ… ಉರಾಬೆ-ಸಾನ್."

"ಯಾವುದಾದ್ರೂ ಪರವಾಗಿಲ್ಲ ಸೆನ್ಸೆ. ಗಂಡನ ಮನೆತನದ ಹೆಸರು ನನಗೇ ಇನ್ನೂ ರೂಢಿಯಾಗಿಲ್ಲ."

ನಿಜ. ನಿನ್ನೆ ಬ್ಯಾಂಕಿನಲ್ಲಿ "ಉರಾಬೆ ಕಝುನೆ-ಸಾಮಾ" ಎಂದು ಮೂರು ಸಲ ಕೂಗಿದರು. ಯಾರೋ ಪಾಪ, ಕಿವಿ ಕೇಳದವಳು ಅಂದುಕೊಂಡು ಕೂತಿದ್ದೆ.

ಡಿಸೆಂಬರ್ 15, ಭಾನುವಾರ

ಶೂಗೊ ಬಂದು ಹೋದ. ಮೂವತ್ತೊಂದು ಗಂಟೆ. ಅದರಲ್ಲಿ ನಾಲ್ಕು ಗಂಟೆ ಅವನ ಸಾಕ್ಸ್ ಹುಡುಕಿದೆವು.

ಡಿಸೆಂಬರ್ 26, ಗುರುವಾರ

ವರ್ಷಾಂತ್ಯದ ದೊಡ್ಡ ಶುದ್ಧಿ! ಲ್ಯಾಬಿಗೆ ಲ್ಯಾಬೇ ತಲೆಗೆ ಟವೆಲ್ ಕಟ್ಟಿಕೊಂಡು ಇಳಿಯಿತು. ಸೆನ್ಸೆ ಖುದ್ದಾಗಿ ಏಣಿ ಹತ್ತಿ ಟ್ಯೂಬ್‌ಲೈಟ್ ಒರೆಸಿದರು. ನನ್ನ ಪಾಲಿಗೆ ಕೊಳವೆ. ನಾನೇ ಕೇಳಿ ಪಡೆದೆ. ಹೊಸ ಸೊಸೆಯ ಉತ್ಸಾಹ ಅಂತ ಎಲ್ಲರೂ ನಕ್ಕರು.

ಗಾಜು ಊದಿ ಅದನ್ನು ಮಾಡಿದವರು ನೆಝು-ಸಾನ್. ಅವರು ಇಂದು ರಜೆ, ಹಲ್ಲಿನ ಡಾಕ್ಟರ ಹತ್ತಿರ. ಅವರಾದರೆ ಹೊರಗೆ ಒರೆಸಿ ಬಿಡುತ್ತಾರೆ. ನಾನು ಬಿಡುವವಳೇ? ತುದಿಯ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ನಾಲ್ಕು ತಿಂಗಳ ಕಂದು ಮಸಿ. ಥೂ! ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ, ಅಸಿಟೋನಿನಲ್ಲಿ ಅದ್ದಿ, ಆ ತುದಿಯಿಂದ ಈ ತುದಿಗೆ ಉಜ್ಜಿದೆ. ಹನ್ನೊಂದು ಬಟ್ಟೆ. ಕೊನೆಯದು ಬೆಳ್ಳಗೆ ಬಂತು.

ಈಗ ಅದು ಇದೆಯೋ ಇಲ್ಲವೋ ಎಂಬಷ್ಟು ತಿಳಿ. ಶೂಗೊಗೆ ಫೋಟೋ ಕಳಿಸಿದೆ. ಹದಿನಾಲ್ಕು ಹೃದಯ ಕಳಿಸಿದ.

ಹೊಸ ವರ್ಷಕ್ಕೆ ಎಲ್ಲವೂ ಹೊಸದು!!

ಡಿಸೆಂಬರ್ 27, ಮಧ್ಯಾಹ್ನ 2.10

ಉಬ್ಬು ಇಲ್ಲ.

ಅದೇ ದಿನ, 4.45

ಇಲ್ಲ. ಒತ್ತಡ ಸರಿ. ವೋಲ್ಟೇಜ್ ಸರಿ. ಲೀಕ್ ಇಲ್ಲ - ಎರಡು ಸಲ ನೋಡಿದೆ. ರಿಸೀವರ್ ಸರಿ, ಗೊತ್ತಿರುವ ಬೇರೆ ಅಣುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ನಮ್ಮದು ಮಾತ್ರ ಇಲ್ಲ. ಸೆನ್ಸೆಯ ಭಾಷಣಕ್ಕೆ ಕೊನೆಯದಾಗಿ ಒಂದು ನೀಟಾದ ಗ್ರಾಫ್ ತೆಗೆಯೋಣ ಅಂತಲೇ ಉಳಿದುಕೊಂಡಿದ್ದೆ…

ಕೊಳವೆ ಹಿಂದೆಂದಿಗಿಂತ ಸ್ವಚ್ಛವಾಗಿದೆ. ಉಬ್ಬು ಇನ್ನೂ ಚೆನ್ನಾಗಿ ಕಾಣಬೇಕಲ್ಲವೇ? ಹಾಗಾದರೆ ನಾಲ್ಕು ತಿಂಗಳು ನಾನು ನೋಡಿದ್ದೇನು? ಕೊಳಕನ್ನೇ? ಯಾವುದೋ ಕಸದ ಉಬ್ಬು ಅಕಸ್ಮಾತ್ ಶೂಗೊನ ಉಬ್ಬಿನ ಜಾಗದಲ್ಲೇ ಬಿತ್ತೇ?

ಸಮ್ಮೇಳನಕ್ಕೆ ಕಳಿಸಿದ ಸಾರಾಂಶದಲ್ಲಿ ಬರೆದುಬಿಟ್ಟಿದ್ದೇವೆ: "ಗುರುತಿಸಲಾಗಿದೆ." ಸೆನ್ಸೆಯ ಹೆಸರು, ಶೂಗೊನ ಹೆಸರು, ನನ್ನದು. ತಿದ್ದಲು ಜನವರಿ 17, ಸಂಜೆ ಐದರವರೆಗೆ ಸಮಯ.

ಬಾಗಿಲಲ್ಲಿ ಸೆನ್ಸೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. "ಎಲ್ಲ ಸರಿ ಇದೆಯಾ?"

"ಸರಿ ಇದೆ ಸೆನ್ಸೆ. ಹೊಸ ವರ್ಷ ಚೆನ್ನಾಗಿರಲಿ."

ಯಾಕೆ ಹಾಗೆಂದೆ?

ಡಿಸೆಂಬರ್ 31

ಶೂಗೊ ಬಂದಿದ್ದಾನೆ. ವರ್ಷಾಂತ್ಯದ ಸೋಬಾ ನೂಡಲ್ಸ್ ಮಾಡಿದೆವು. ಅವನು ಉದ್ದ ಉದ್ದ ಎಳೆ ಎಳೆದು ತಿನ್ನುತ್ತಾ ಒಂದೇ ಸಮನೆ ಮಾತು. ಉಬ್ಬಿನ ವಿಷಯ ವೀಕ್ಷಣಾಲಯದ ಅಡುಗೆಯವರಿಗೂ ಹೇಳಿದ್ದಾನಂತೆ.

"ಹದಿನೆಂಟನೇ ತಾರೀಕಿಂದ ಡಿಶ್ ನನಗೆ ಆರು ದಿನ ಸಿಕ್ಕಿದೆ ಕಝು! ಬೇರೆ ಮೋಡಗಳಲ್ಲೂ ನಿನ್ನ ಅಣು ಹುಡುಕ್ತೀನಿ. ಯಾಕೆ, ತಿಂತಾ ಇಲ್ಲ?"

"ಬಿಸಿ ಇದೆ."

ತಣ್ಣಗಾಗಿತ್ತು.

ಹೇಳಿದರೆ ಆರು ದಿನ ಬಿಟ್ಟುಕೊಡುತ್ತಾನೆ. ಹೇಳದಿದ್ದರೆ ಆರು ದಿನ ಇಲ್ಲದ್ದನ್ನು ಹುಡುಕುತ್ತಾನೆ. ಯಾವುದು ಪ್ರೀತಿ? ನನಗೆ ತಿಳಿಯುತ್ತಿಲ್ಲ. ನನ್ನ ಬಟ್ಟಲಿನದ್ದನ್ನೂ ಅವನ ಬಟ್ಟಲಿಗೆ ಸುರಿದೆ.

ಜನವರಿ 2, ಮೊರಿಯೋಕಾ, ಅತ್ತೆಯ ಮನೆ

ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಅಕ್ಕಿಯ ಮೋಚಿ ಮುದ್ದೆ ಹಾಕಿದ ಸಾರು. ಆಮೇಲೆ ಒಳ್ಳೆಯ ಸೊಸೆಯಾಗಲು ಪಾತ್ರೆ ತೊಳೆಯಲು ನಿಂತೆ. ಅತ್ತೆ "ಬಿಡು, ಬಿಡು" ಅಂದರು. ನಾನು ಬಿಡಲಿಲ್ಲ. ಒಲೆಯ ಮೇಲೆ ಅವರ ಕಬ್ಬಿಣದ ಕೆಟಲ್ ಇತ್ತು. ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ, ತುಕ್ಕುಗೆಂಪು, ಹಕ್ಕಳೆ ಹಕ್ಕಳೆ. ಉಜ್ಜುವ ನಾರು ತೆಗೆದುಕೊಂಡು ಕೈ ಒಳಗೆ ಹಾಕಿದೆನಷ್ಟೇ -

"ಅಯ್ಯಯ್ಯೋ! ನಿಲ್ಸು, ನಿಲ್ಸು! ಒಳಗೆ ಉಜ್ಜಬೇಡ ಕಝುನೆ-ಚಾನ್!"

ಕೆಟಲ್ ಕೈಜಾರಿ ಸಿಂಕಿಗೆ ಬಿತ್ತು. ಶೂಗೊ ಕೊತಾತ್ಸು ಮೇಜಿನ ಹೊದಿಕೆಯ ಬೆಚ್ಚನೆಯಲ್ಲಿ ಕುಳಿತಲ್ಲಿಂದಲೇ ನಗುತ್ತಿದ್ದ. "ಅಮ್ಮ, ಕೊಲೆ ಆದ ಹಾಗೆ ಕಿರುಚ್ತೀಯಲ್ಲ."

"ನೀನು ಸುಮ್ನಿರು, ಕಿತ್ತಳೆ ತಿನ್ನು." ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ ಮೆತ್ತಗಾದರು. "ಬೈದಿದ್ದಲ್ಲಮ್ಮ. ನಮ್ಮತ್ತೆ ಕಾಲದಿಂದ ನಲವತ್ತು ವರ್ಷ ಕೂತಿರೋ ಪದರ ಅದು. ಅದಿದ್ರೇನೇ ನೀರು ಸಿಹಿ. ಉಜ್ಜಿಬಿಟ್ರೆ ಬರೀ ಕಬ್ಬಿಣ. ನೀರಿಗೆ ರುಚಿ ಕೊಡೋದು ಗೋಡೆ."

ಗೋಡೆ!

ನನ್ನ ಕೊಳವೆಯಲ್ಲೂ ಅದೇ ಆಗಿದ್ದರೆ? ಅಣು ಹುಟ್ಟುತ್ತಿದ್ದದ್ದು ಗ್ಯಾಸಿನಲ್ಲಿ ಅಲ್ಲವೇ ಅಲ್ಲವೇನೋ. ಪ್ಲಾಸ್ಮಾ, ಆ ನೇರಳೆ ಬೆಳಕು, ಗೋಡೆಯ ಮಸಿಯನ್ನು ಬಡಿದು ಬಡಿದು ಅಣುವನ್ನು ಎಬ್ಬಿಸುತ್ತಿತ್ತು. ಮಸಿಯನ್ನು ನಾನು ಹನ್ನೊಂದು ಬಟ್ಟೆಗಳಲ್ಲಿ ಒರೆಸಿಹಾಕಿದೆ.

ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅತ್ತೆ ಗಾಬರಿಯಾಗಿ "ಹೊಸ ಕೆಟಲ್ಲೇ ಕೊಡಿಸ್ತೀನಿ, ಬೇಕಾದ್ರೆ ಅದನ್ನ ಉಜ್ಜು" ಅಂದರು.

ಜನವರಿ 3, ಸೆಂದೈಗೆ ರೈಲಿನಲ್ಲಿ

ಹೇಳಿದೆ. ಎಲ್ಲ. ಇಪ್ಪತ್ತೇಳರಿಂದ ಮುಚ್ಚಿಟ್ಟದ್ದನ್ನೂ.

ಶೂಗೊ ಕಿಟಕಿಯಾಚೆ ನೋಡಿದ. ಹಿಮದ ಗದ್ದೆಗಳು.

"ಏಳು ದಿನ," ಅಂದ. "ಏಳು ದಿನ ಒಬ್ಬಳೇ ಇಟ್ಕೊಂಡಿದ್ಯಾ?"

"ನಿನ್ನ ಆರು ದಿನದ ಡಿಶ್…"

"ಡಿಶ್ ಹಾಳಾಗಲಿ ಕಝು. ಸೋಬಾ ಬಿಸಿ ಇದೆ ಅಂದ್ಯಲ್ಲ. ಅದು ನಂಗೆ ನೋವಾಯ್ತು."

ನಂತರ ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದ. "ಆ ಮೋಡದಲ್ಲೂ ಧೂಳಿದೆ."

"ಏನು?"

"ಧೂಳು! ಕಪ್ಪು ಮೋಡ ಕಪ್ಪಗಿರೋದೇ ಧೂಳಿಂದ. ಅದರ ಮೇಲೂ ಇದೇ ಥರ ಮಸಿ. ಗ್ಯಾಸಲ್ಲಿ ಹುಟ್ಟೋ ಅಣುಗಳಲ್ಲೇ ಇದನ್ನ ಹುಡುಕ್ತಾ ಹನ್ನೊಂದು ವರ್ಷ ತಲೆ ಕೆಡಿಸ್ಕೊಂಡಿದ್ವಿ. ಯಾರ ಲೆಕ್ಕಾನೂ ಸರಿ ಹೋಗಲ್ಲ. ಇದು ಹುಟ್ಟೋದೇ ಗ್ಯಾಸಲ್ಲಿ ಅಲ್ಲ, ಧೂಳಿನ ಮೇಲೆ ಅಂದ್ರೆ?"

ಕೋಪವೋ ಸಂತೋಷವೋ ಅವನ ಮುಖದಲ್ಲಿ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ಮೊಣಕೈ ಮಾತ್ರ ಸೆಂದೈವರೆಗೂ ಬಿಡಲಿಲ್ಲ.

ಜನವರಿ 6, ಸೋಮವಾರ

ಸೆನ್ಸೆಯ ಮುಂದೆ ತಲೆ ಬಗ್ಗಿಸಿ ನಿಂತೆ. ನೆಝು-ಸಾನ್ ಅಲ್ಲೇ ಇದ್ದರು.

"ಒಳಗಡೆ ಉಜ್ಜಮ್ಮ ಅಂತ ಯಾರು ಹೇಳಿದ್ರು ನಿಂಗೆ? ನಾನು ಹಲ್ಲು ಕೀಳಿಸ್ಕೊಳ್ಳೋಕೆ ಹೋದ್ರೆ ನೀನು ನನ್ನ ಕೊಳವೇದೇ ಕಿತ್ತಿದ್ದೀಯ!"

"ಕ್ಷಮಿಸಿ ನೆಝು-ಸಾನ್."

"ಆ ಮಸಿ ಬಟ್ಟೆ ಎಲ್ಲಿ?"

"ರಾಸಾಯನಿಕ ಕಸದ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದೆ. ಇಪ್ಪತ್ತೇಳಕ್ಕೇ ತಗೊಂಡು ಹೋದ್ರು."

"ಚೀಟಿ ಬೇರೆ ಅಂಟಿಸಿದ್ದಾಳೆ! ಅಚ್ಚುಕಟ್ಟು!"

ಸೆನ್ಸೆ ಮಾತ್ರ ದನಿ ಏರಿಸಲಿಲ್ಲ. "ಕೊಳವೆ ತೊಳೆದದ್ದು ತಪ್ಪಲ್ಲ. ತೊಳೆಯಿರಿ ಅಂತ ಎಲ್ಲರಿಗೂ ಹೇಳಿದ್ದು ನಾನೇ. 'ಸರಿ ಇದೆ' ಅಂದ್ರಲ್ಲ, ಅದು ತಪ್ಪು."

"ಹೌದು."

"ನಿಮ್ಮ ಊಹೆ ನಿಜವಾದ್ರೆ ಮಸಿ ಬೆಳೆದ ಹಾಗೆ ಉಬ್ಬೂ ಬೆಳೀಬೇಕು. ಹದಿನೇಳರ ಐದು ಗಂಟೆವರೆಗೆ ನೋಡೋಣ. ಬರಲಿಲ್ಲ ಅಂದ್ರೆ ಸಾರಾಂಶ ಹಿಂತೆಗೀತೀನಿ. ಭಾಷಣಾನೂ ಇಲ್ಲ."

ಮೂವತ್ತೆಂಟು ವರ್ಷದ ಕೆಲಸದ ಕೊನೆಯ ಭಾಷಣ. ಛತ್ರಿ ಮರೆತದ್ದರ ಬಗ್ಗೆ ಹೇಳಿದಷ್ಟು ಸರಾಗವಾಗಿ ಹೇಳಿದರು.

ಜನವರಿ 8

ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಪ್ಲಾಸ್ಮಾ. ಕೊಳಕು ಬೆಳೆಸುವುದೇ ನನ್ನ ಉದ್ಯೋಗ ಈಗ. ಗಾಜು ಇನ್ನೂ ತಿಳಿ. ಪರದೆ ಚಪ್ಪಟೆ.

ಜನವರಿ 13

ತುದಿಯಲ್ಲಿ ಚಹಾದ ಕಲೆಯಂಥದ್ದೊಂದು ನೆರಳು. ನೆಝು-ಸಾನ್ ಟಾರ್ಚ್ ಹಿಡಿದು ನೋಡಿ "ಹ್ಞೂಂ" ಅಂದರು. ಅವರ ಲೆಕ್ಕದಲ್ಲಿ ಅದು ಹೊಗಳಿಕೆ. ಪರದೆ ಚಪ್ಪಟೆ.

ಊಹೆಯೇ ತಪ್ಪಿದ್ದರೆ? ಕೆಟಲ್ ನೋಡಿ ಭೌತಶಾಸ್ತ್ರ ಕಟ್ಟುವವಳು ನಾನು…

ಜನವರಿ 16

ಮಂಕು ಕಂದು, ಅರ್ಧ ಕೊಳವೆಯವರೆಗೆ. ಶೂಗೊ ಫೋನಿನಲ್ಲಿ, "ಉಬ್ಬು ಬರದಿದ್ರೂ ನೀನು ಶನಿವಾರ ಇಲ್ಲಿಗೆ ಬರ್ತೀಯ ತಾನೆ?" ಬರುತ್ತೇನೆ ಅಂದೆ. ಸಾಕ್ಸ್ ಎಲ್ಲ ಹುಡುಕಿಟ್ಟಿದ್ದಾನಂತೆ. ಕೋಣೆ ಗುಡಿಸಿಲ್ಲವಂತೆ, ನನ್ನ ಮೇಲಿನ ಗೌರವದಿಂದ!

ಜನವರಿ 17, ಸಂಜೆ 4.20

ಸೆನ್ಸೆ ಕಂಪ್ಯೂಟರಿನಲ್ಲಿ ಹಿಂತೆಗೆತದ ಪತ್ರ ಬರೆದಿಟ್ಟು ಬಂದರು. ಕಳಿಸಿಲ್ಲ. ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ನೆಝು-ಸಾನ್ ನಿಂತೇ ಇದ್ದಾರೆ. ಶೂಗೊ ಫೋನಿನಲ್ಲಿ, ಉಸಿರು ಮಾತ್ರ ಕೇಳುತ್ತಿದೆ.

4.41

ಏನೋ ಇದೆ. ಪರದೆಯ ಗೆರೆಯ ಗಿಜಿಬಿಜಿಯ ನಡುವೆ ಒಂದು ಭುಜದಂತೆ. ನನ್ನ ಆಸೆಯ ಕಣ್ಣೋ?

"ಹೊರಿಗೊಮೆ-ಸಾನ್, ನಿಮಗೆ ಕಾಣ್ತಿದೆಯಾ?" ಈ ಸಲ ಸೆನ್ಸೆ ಹೆಸರು ತಿದ್ದಿಕೊಳ್ಳಲಿಲ್ಲ.

"ಗೊತ್ತಾಗ್ತಿಲ್ಲ ಸೆನ್ಸೆ. ನಿಜವಾಗಿ ಗೊತ್ತಾಗ್ತಿಲ್ಲ."

"ಈಗ ಸರಿಯಾಗಿ ಹೇಳಿದ್ರಿ. ವೋಲ್ಟೇಜ್ ತೆಗೀರಿ. ಉಬ್ಬು ನಿಜವಾದ್ರೆ ಬೆಳಕಿನ ಜೊತೆ ಹೋಗಿ ಬೆಳಕಿನ ಜೊತೆ ಬರಬೇಕು."

ತೆಗೆದೆ. ನೇರಳೆ ಬೆಳಕು ಆರಿತು. ಕೊಳವೆ ಬರೀ ಕೊಳಕು ಗಾಜಾಯಿತು. ಪರದೆಯ ಮೇಲೆ ಆ ಭುಜ ಇಳಿಯಿತು, ಇಳಿಯಿತು, ಚಪ್ಪಟೆಯಾಯಿತು.

ಗಡಿಯಾರ 4.52.

"ಈಗ ಕೊಡಿ," ಅಂದರು ಸೆನ್ಸೆ.

ಎಡಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಬಲಗೈ ಸ್ವಿಚ್ಚಿನ ಮೇಲೆ. ಕೊಟ್ಟೆ. ಬೆಳಕು ಬಂತು. ಒಂದು… ಎರಡು… ನೆಝು-ಸಾನ್ ನನ್ನ ಭುಜ ಹಿಂಡುತ್ತಿದ್ದಾರೆ. ಅದೇ ಜಾಗದಲ್ಲಿ ಗೆರೆ ಏಳುತ್ತಿದೆ!